ಮೂಗಿಲ್ಲದ ಹಕ್ಕಿ

ಶ್ರೀನಿವಾಸಪುರದ ದನದಾಸ್ಪತ್ರೆಗೆ
ಟೊಮೇಟೊ ಕ್ರೇಟಿನಲ್ಲಿ ಬಂತು,
ಹಳೇ ಟವೆಲ್ಲು ಹೊದ್ದುಕೊಂಡು.
"ಬಾತುಕೋಳಿ ಅಲ್ಲ ಸಾರ್, ಕೊಕ್ಕರೇನೂ ಅಲ್ಲ,
ಕಚ್ಚುತ್ತೆ, ಹುಷಾರು" ಎಂದಳು ಮುನಿಲಕ್ಷ್ಮಮ್ಮ
ಬೆರಳಿಗೆ ಸುತ್ತಿದ ಬಟ್ಟೆ ತೋರಿಸುತ್ತ.

ಮದ್ರಾಸಿನ ಕಡೆ ಸೈಕ್ಲೋನು. ನಮ್ಮ ಪಾಲಿಗೆ ಬಂದದ್ದು
ಮೂರು ದಿನದ ಜಡಿ, ಮತ್ತೆ ಇದು.

ಡಾಕ್ಟರು ರಜೆ. ರಿಜಿಸ್ಟರು ನನ್ನ ಕೈಲಿ.
ಮಾಲೀಕರ ಹೆಸರು: ಖಾಲಿ ಬಿಟ್ಟೆ.
ಜಾತಿ: ನಾಟಿ, ಜರ್ಸಿ, ಎಚ್ಚೆಫ್ ಬಿಟ್ಟು
ಬೇರೆ ಕಂಡಿರದ ಆ ಕಾಲಮ್ಮಿನಲ್ಲಿ
'ಬಿಳಿ' ಎಂದು ಬರೆದು ಹೊಡೆದುಹಾಕಿದೆ.
ರೆಕ್ಕೆಯಂಚು ಇದ್ದಿಲು, ಮುಖಕ್ಕೆ ಯಾರೋ ಮಸಿ ಬಳಿದಂತೆ,
ಉಳಿಯಂಥ ನೇರ ಕೊಕ್ಕು.
ಉಸಿರು ನೋಡೋಣವೆಂದು ಹತ್ತಿಯೆಳೆ ಹಿಡಿದರೆ
ಮೂಗಿನ ತೂತೇ ಇಲ್ಲ.
ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ
ಇಂಥ ಜೀವ ಇದೇ ಮೊದಲು.

ಕಾರವಾರದ ತಾಂಡೇಲ, ನನ್ನ ಬ್ಯಾಚಿನವನು, ಫೋನಿನಲ್ಲಿ ನಕ್ಕ:
"ಅದು ಮೂಗು ಮುಚ್ಚಿಕೊಂಡೇ ಹುಟ್ಟೋದು ಮಾರಾಯ,
ಉಸಿರೆಲ್ಲ ಬಾಯಿಯ ಮೂಲೆಯಿಂದ.
ತೆಂಗಿನಮರದ ಮೇಲೆ ತೆಂಗಿನಮರ ಇಟ್ಟಷ್ಟು ಎತ್ತರದಿಂದ
ರೆಕ್ಕೆ ಮಡಚಿ ಕಡಲಿಗೆ ಬೀಳುತ್ತೆ.
ಎದೆಯ ಚರ್ಮದಡಿ ಗಾಳಿಚೀಲ ಉಂಟು, ಒತ್ತಿ ನೋಡು."
ಒತ್ತಿದೆ. ಬೆರಳಡಿ ಹಪ್ಪಳ ಮುರಿದಂತೆ ಸದ್ದು.

ಎರಡು ಮೊಟ್ಟೆಯಂತೆ. ಕಾವು ಹೊಟ್ಟೆಯದಲ್ಲ, ಪಾದದ್ದು:
ಬೆರಳ ನಡುವಿನ ತೊಗಲು ಹಾಸಿ ನಿಲ್ಲುತ್ತದಂತೆ.
ಮೊದಲು ಒಡೆದು ಬಂದ ಮರಿ
ಎರಡನೆಯದನ್ನು ಹೊರಕ್ಕೆ ನೂಕುತ್ತದಂತೆ,
ಅಮ್ಮ ನೋಡುತ್ತ ಕೂತಿರುತ್ತಾಳಂತೆ.
ಇದನ್ನು ಮುನಿಲಕ್ಷ್ಮಮ್ಮನಿಗೆ ಹೇಳಲಿಲ್ಲ.
ಅವಳಾಗ ಬಸ್‌ಸ್ಟ್ಯಾಂಡಿನ ಐಸುಪೆಟ್ಟಿಗೆಯ ಮತ್ತಿ ಮೀನನ್ನು
ತಲೆ ಮುಂದಾಗಿ ಅದರ ಗಂಟಲಿಗೆ ಇಳಿಸುತ್ತಿದ್ದಳು,
"ನುಂಗೇ ತಾಯಿ" ಎನ್ನುತ್ತ.

"ಎಲ್ಲಿ ಸಿಕ್ಕಿತು?"
"ತೋಟದಲ್ಲಿ. ಮಲ್ಚಿಂಗ್ ಶೀಟಿನ ಮೇಲೆ."

ಆಗ ಹೊಳೆಯಿತು.
ಬೆಳಗ್ಗೆ ಆರಕ್ಕೆ ಮೋಡ ಹರಿದಾಗ
ಮೇಲಿನಿಂದ ನಮ್ಮ ಸೀಮೆ ಹೇಗೆ ಕಂಡಿತೋ:
ರಾಯಲ್ಪಾಡಿನ ತನಕ ಬೆಳ್ಳಿ ಪಟ್ಟೆ,
ಅಲೆಯ ಹಿಂದೆ ಅಲೆ, ಗಾಳಿಗೆ ಅದುರುವ ಪ್ಲಾಸ್ಟಿಕ್ಕು.
ಸಾವಿರ ಅಡಿ ಬೋರಿಗೆ ಸಿಗದ ನೀರು
ಇದರ ಕಣ್ಣಿಗೆ ಬಿತ್ತು.
ನಂಬಿತು.
ರೆಕ್ಕೆ ಮಡಚಿತು.

ಬದುಕಿದ್ದು ಜಡಿಗೆ ನೆಂದ ಮಣ್ಣಿನಿಂದ, ಅಷ್ಟೆ.

ಮೂರನೇ ದಿನ ಅರಣ್ಯ ಇಲಾಖೆಯ ಜೀಪು, ಹಲಗೆ ಪೆಟ್ಟಿಗೆ,
ಮದ್ರಾಸಿನ ದಾರಿ.
ಫಲಿತಾಂಶ: 'ಕಳುಹಿಸಲಾಗಿದೆ'.
ತಲುಪಿತೇ ಎಂದು ಕೇಳಲು ನಂಬರಿತ್ತು. ಮಾಡಲಿಲ್ಲ.

ಸಂಕ್ರಾಂತಿ ಕಳೆದು ಅವಳ ಹಸುವಿಗೆ ಇಂಜೆಕ್ಷನ್ನಿಗೆ ಹೋದಾಗ
ಕೊಕ್ಕು ಸಿಗಿದ ತೂತು ತೋರಿಸಿದಳು,
ಗಿಡಗಿಡದ ನಡುವಿನ ಅಳತೆಗೆ ಸಿಗದ ಜಾಗದಲ್ಲಿ.
"ತೂತು ಬಿದ್ದಮೇಲೆ ಸುಮ್ಮನೆ ಯಾಕೆ ಬಿಡೋದು?"
ಅಲ್ಲೂ ಒಂದು ಸಸಿ ನೆಟ್ಟಿದ್ದಳು.
ಡ್ರಿಪ್ಪಿನ ಹನಿ ಅದಕ್ಕೆ ಮುಟ್ಟುವುದಿಲ್ಲ,
ಚೊಂಬಿನಲ್ಲಿ ಹೊಯ್ಯಬೇಕು.
ಹೊಯ್ಯುತ್ತಾಳೆ.