ಇಪ್ಪತ್ತಮೂರನೇ ಡಬ್ಬಿ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ, ಒಂದು ಕಾಲಕ್ಕೆ
ಮೀನಿಗೆ ಹೊಗೆ ಹಾಕುತ್ತಿದ್ದ ಇಟ್ಟಿಗೆಯ ಗೂಡಿನಲ್ಲಿ
ನಾನೀಗ ಮೇಣ ಕರಗಿಸುತ್ತೇನೆ.
ಗೋಡೆ ಇನ್ನೂ ಹ್ಯಾಡಕ್ ಮೀನನ್ನು ಮರೆತಿಲ್ಲ.
ಎಷ್ಟು ಗುಲಾಬಿ ಸುರಿದರೂ ತಳದಲ್ಲೆಲ್ಲೋ
ಒಂದು ಕಿವಿರು ಮಿಸುಕುತ್ತದೆ.

ಪರಿಮಳ ಕಲಸುವುದು ಸುಲಭ, ಹನಿ ಎಣಿಸಿದರಾಯಿತು.
ಹೆಸರಿಡುವಾಗಲೇ ಹೆರಿಗೆ ನೋವು.

'ಕಡಲ ಗಾಳಿ' ಎಂದು ಬರೆದು ಕಳಿಸಿದೆ.
ಕಡಲ ಗಾಳಿಗೆ ಆಗಲೇ ಒಡೆಯರಿದ್ದಾರಂತೆ,
ಕಡಲೇ ಕಾಣದ ಲೀಡ್ಸಿನಲ್ಲಿ.
'ಅಜ್ಜಿಯ ಅಡುಗೆಮನೆ' ಎಂದರೆ
ಏಳು ಜನ ಮೊಮ್ಮಕ್ಕಳು ದಾವೆಗೆ ನಿಂತಾರು.
'ಮೊದಲ ಹಿಮ' ಹೋದ ವರ್ಷವೇ ಬಿದ್ದು
ರಿಜಿಸ್ಟರಾಗಿ ಗಟ್ಟಿಯಾಗಿದೆ.
ಬೇಸತ್ತು 'ಲ್ಯಾವೆಂಡರ್' ಎಂದೆ, ಬರೀ ಲ್ಯಾವೆಂಡರ್.
ಅದು ಯಾರದೂ ಅಲ್ಲ, ಹಾಗಾಗಿ ನಿಮ್ಮದೂ ಅಲ್ಲ
ಎಂದರು ವಕೀಲ ಆಸ್ಗರ್ಬಿ.
ವರ್ಷದ ಹನ್ನೆರಡು ತಿಂಗಳೂ ನೆಗಡಿ ಆ ಮನುಷ್ಯನಿಗೆ;
ಒಂದು ಬತ್ತಿಯನ್ನೂ ಮೂಸದೆ
ಎಲ್ಲದರ ಹಣೆಬರಹ ಹೇಳುತ್ತಾರೆ.

"ನೋಡಿ ಮಿಸ್ ಸ್ಕೆಲ್ಟನ್,
ಒಳಗಿರುವುದನ್ನು ಹೇಳಿಬಿಡುವ ಹೆಸರು ಬೇಲಿಯಿಲ್ಲದ ಹೊಲ,
ಕಂಡವರ ದನ ನುಗ್ಗುತ್ತದೆ.
ಗಟ್ಟಿ ಹೆಸರಿಗೂ ಅದರ ವಸ್ತುವಿಗೂ
ದೂರದ ನೆಂಟಸ್ತಿಕೆಯೂ ಇರಬಾರದು."

ಹೆಸರು ಹಾಲ್ಗಡಲು, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ
ಎಂದು ನಾವು ಯಾರನ್ನು ನೋಡಿ ನಗುತ್ತೇವೋ
ಕಾನೂನಿಗೆ ಅವರೇ ಅಳಿಯಂದಿರು.

ಇಪ್ಪತ್ತೆರಡಕ್ಕೆ ಹೇಗೋ ಆಯಿತು.
ಇಪ್ಪತ್ತಮೂರನೆಯದರ ಮುಚ್ಚಳದ ಮೇಲೆ ಸೀಮೆಸುಣ್ಣದ ಅಂಕಿ ಅಷ್ಟೆ.
ಕಲಸಿದ್ದು ನಾನಲ್ಲ. ಸೋದರತ್ತೆ ಐಡಾ,
ಎಂಬತ್ತನಾಲ್ಕು, ಚಮಚ ಕಸಿದುಕೊಂಡು:
ನಿಂಬೆ ಹಾಕು. ಇನ್ನೂ ಹಾಕು.
ಈಗ ಟಾರ್ ಸೋಪು. ಸಾಕು.
ಈಗ ಓಕ್ ಹೊಟ್ಟಿನ ಹೊಗೆ, ಗೊತ್ತೇ ಆಗದಷ್ಟು,
ಆದರೆ ಹೋಗದಷ್ಟು.

ಏನತ್ತೆ ಇದು?

ಅವಳು ಬತ್ತಿ ನೆಟ್ಟಗೆ ಮಾಡುತ್ತ ಹೇಳಿದಳು:
ದಿನವಿಡೀ ಮೀನು ಸೀಳುತ್ತಿದ್ದೆ ಇದೇ ಗೂಡಿನಲ್ಲಿ.
ಬಲಗೈಯಲ್ಲಿ ಚೂರಿ, ಎಡಗೈಯಲ್ಲಿ ಮೀನು.
ಬುಧವಾರ ಸಂಜೆ ಡಾನ್ಸು.
ಡಾನ್ಸಿನಲ್ಲಿ ಬಲಗೈ ಅವರ ಕೈಯಲ್ಲಿರುತ್ತದೆ, ದೂರ,
ಎಡಗೈ ಅವರ ಹೆಗಲ ಮೇಲೆ,
ಮೂಗಿನ ಪಕ್ಕ.
ಹಾಗಾಗಿ ಎಡಗೈ ಮಾತ್ರ ಮೂರು ಸಲ ತಿಕ್ಕುತ್ತಿದ್ದೆ
ನಿಂಬೆ, ಸೋಪು, ಮತ್ತೆ ನಿಂಬೆ.
ಉಗುರ ಸಂದು ಉರಿಯುತ್ತಿತ್ತು ಹಾಡು ಮುಗಿಯುವವರೆಗೂ.

ಅವನಿಗೆ ಗೊತ್ತಾಯಿತಾ?

ಒಂದು ಸಲ ಮುಖ ಆಚೆ ತಿರುಗಿಸಿದ.
ಟ್ರಾಂಬೋನಿನವನನ್ನು ನೋಡಲಿಕ್ಕೋ ಏನೋ.
ಅರವತ್ತೈದು ವರ್ಷವಾಯಿತು, ಇನ್ನೂ ತೀರ್ಮಾನವಾಗಿಲ್ಲ.

ಅವನ ಹೆಸರು?

ಹೋಯಿತು, ಎಂದಳು. ಹೆಸರು ಬೇಗ ಹೋಗುತ್ತದೆ.
ಕೊಡು ಆ ಬಟ್ಟೆ, ಚೆಲ್ಲಿದೆ ನೋಡು.

ಅದೇ ರಾತ್ರಿ ಅರ್ಜಿಯಲ್ಲಿ ಬರೆದೆ:
'ಬುಧವಾರದ ಎಡಗೈ'.

ಹತ್ತನೇ ದಿನಕ್ಕೆ ಆಸ್ಗರ್ಬಿಯ ಫೋನು,
ಸೀನುಗಳ ನಡುವೆ ಸಂಭ್ರಮ:
"ಭಲೆ! ಈ ಹೆಸರಿಗೆ ತಲೆಯಿಲ್ಲ ಬಾಲವಿಲ್ಲ.
ಬುಧವಾರಕ್ಕೆ ಕೈಯೆಲ್ಲಿ, ಕೈಗೂ ಮೇಣಕ್ಕೂ ಎಲ್ಲಿಯ ಸಂಬಂಧ?
ಏನನ್ನೂ ಹೇಳುವುದಿಲ್ಲ, ಏನೆಂದರೆ ಏನನ್ನೂ!
ಯಾರ ತಕರಾರೂ ಬರಲಾರದು."

ಲೇಬಲ್ ಅಚ್ಚಾಗಿ ಬಂತು, ನೀಲಿ ಅಕ್ಷರ.
ಮೊದಲ ಡಬ್ಬಿ ಅತ್ತೆಗೆ ಕೊಟ್ಟೆ.
ಕನ್ನಡಕ ಮೂಗಿನ ತುದಿಗೆ ಜಾರಿಸಿ
ಒಂದೊಂದೇ ಅಕ್ಷರ ಓದಿದಳು,
ಎರಡನೇ ಸಲ ಓದಿದಳು.
ಡಬ್ಬಿಯನ್ನು ಬಲಗೈಗೆ ಬದಲಾಯಿಸಿ
ಎಡಗೈಯನ್ನು ಮೆಲ್ಲಗೆ
ಸ್ವೆಟರಿನ ತೋಳೊಳಗೆ ಎಳೆದುಕೊಂಡು
ಅಂದಳು:
ಊರಿಗೆಲ್ಲ ಹೇಳಿಬಿಟ್ಟೆಯಲ್ಲೇ.