ಮಗ್ಗ ನಿಂತ ರಾತ್ರಿ

ಬೆಟಗೇರಿಯ ಬನವ್ವನ ಮನಿ. ನಡುಮನಿ ಬಾಗಿಲಾ.
ಮತ್ತಿ ಕಟ್ಟಿಗಿ, ಮ್ಯಾಲೆ ಐದು ಬಣ್ಣ:
ಹಸಿರು, ಅದರ ಕೆಳಗ ಚಾಕಲೇಟು,
ಅದರ ಕೆಳಗ ಆಕಾಶ, ಮತ್ತ ಹಸಿರು,
ಎಲ್ಲಕ್ಕಿಂತ ಕೆಳಗ
ಯಾರೋ ಗಡಿಬಿಡಿಯಾಗ ಬಳದ ಸುಣ್ಣ.

“ಮ್ಯಾಲೊಂದ ಕೈ ಹೊಡದು ಹೋಗಪಾ,” ಅಂದಳು ಬನವ್ವ,
“ಯುಗಾದಿಗೆ ಇನ್ನ ಎಂಟ ದಿನ.”
ನಾ ಉಗುರಿಲೆ ಒಂದ ಮೂಲಿ ಎಬ್ಬಿಸಿದೆ.
ಹಪ್ಪಳದಂಗ ಎದ್ದು ಬಂತು, ಐದೂ ಒಮ್ಮಿಗೇ.
ಆಕಿ ಏನೂ ಅನ್ನಲಿಲ್ಲ.
ನೂಲಿನಾಕಿಗೆ ಗೊತ್ತಿರತೈತಿ,
ಹಾಸು ಸಡಲಿದ್ರ ಹೊಕ್ಕು ಏನ ಮಾಡೀತು.

ಎರಡು ದಿನ ಬರೇ ಕೆರದೆ.
ಹಳೇ ಬಣ್ಣದ ಧೂಳಿನಾಗ ವಿಷ ಐತಿ, ಒಣಾ ತಿಕ್ಕಬ್ಯಾಡ,
ನೀರು ಹಚ್ಚಿ ತಿಕ್ಕು ಅಂತಿದ್ದ ರಾಜೇಸಾಬ ಉಸ್ತಾದ.
ಅಂತಿದ್ದ, ಕೆಮ್ಮತಿದ್ದ.
ತಾ ಮಾತ್ರ ಮೂವತ್ತು ವರ್ಷ ಒಣಾನ ತಿಕ್ಕಿದ್ದ.

ಚಿಲಕದ ಸುತ್ತ ಕೈಜಿಡ್ಡು.
ನೆಲದಿಂದ ಎರಡು ಮೊಳ ಮ್ಯಾಲೆ
ಒಂದು ಗುಂಡನ್ನ ಕರೇ ಕಲೆ.
“ಇದೇನಬೇ?”
“ನಮ್ಮತ್ತಿ ಅಲ್ಲೇ ತಲಿ ಒರಗಿಸಿ ಕಂಡಿಕಿ ಸುತ್ತತಿದ್ಲು.
ಆಮ್ಯಾಲೆ ನಾನೂ.”
ಸೋಡಾ ನೀರಿಲೆ ಮೂರು ಸಲ ತೊಳದೆ.
ಎರಡು ತಲಿ ಎಣ್ಣಿ; ಬಿಡಲಿಕ್ಕೆ ಮನಸಿಲ್ಲದಂಗ ಬಿಟ್ಟಿತು.

ಒಂದು ಪಟ್ಟಿ ದೇವದಾರು, ಯಾವುದೋ ಪೆಟ್ಟಿಗಿ ಒಡದು ಜಡದದ್ದು.
ಅದರ ಗಂಟು ಇನ್ನಾ ಅಂಟು ಸುರಸತಿತ್ತು.
ಅರಗು ಕರಗಿಸಿ ಎರಡು ಸಲ ಬಾಯಿ ಮುಚ್ಚಿದೆ.
ಪ್ರೈಮರ್ ಒಂದು ಕೈ. ಮೊಳಿ ತೂತಿಗೆ ಲಾಂಬಿ:
ಚಾಕಪುಡಿಗೆ ಅಗಸಿ ಎಣ್ಣಿ ಹಾಕಿ ರೊಟ್ಟಿ ಹಿಟ್ಟಿನಂಗ ನಾದಿದ್ದು.
ವಾಸನಿಗೆ ಬನವ್ವನ ಮೊಮ್ಮಗಳು ಬಂದು
“ಹಿಂಡಿ ಮಾಡಾಕತ್ತೀರೇನ್ರಿ?” ಅಂತು.
ಒಣಗಿದ ಮ್ಯಾಲೆ ನುಣ್ಣನ್ನ ಕಾಗದ. ಮತ್ತ ಒರಸೂದು. ಮತ್ತ ಪ್ರೈಮರ್.
ಬಣ್ಣದ ಡಬ್ಬಿ ಇನ್ನಾ ಬಾಯಿ ತೆರದಿಲ್ಲ.
ಓಣ್ಯಾಗ ಹೋಗವರು ಕೇಳತಿದ್ರು,
ಇಂವಗ ದಿನಗೂಲಿ ಏನು?

ಆರನೇ ದಿನ ತೊಡಕು ಬಂತು.
ಒಳಗ ಮಗ್ಗ, ಖಟಾ ಖಟಾ,
ಲಾಳಿ ಹೋದಾಗೊಮ್ಮೆ ಹತ್ತಿಯ ಉಸಿರು ಗಾಳ್ಯಾಗ.
ಹಸೀ ಬಣ್ಣಕ್ಕ ಅದು ಕೂತ್ರ ಮುಗದಂಗ:
ಬಾಗಿಲಕ್ಕ ಗಡ್ಡ ಬರತೈತಿ.
ಹೊರಗ ಗದಗಿನ ಗಾಳಿ, ಕೇಳೂದ ಬ್ಯಾಡ.
“ಒಂದಿನ ಮಗ್ಗ ನಿಲ್ಲಸಬೇಕಬೇ.”
ಬನವ್ವ ನಕ್ಕಳು. “ಹಬ್ಬದ ಹನ್ನೊಂದು ಸೀರಿ ಬಾಕಿ.
ನೀ ನಿಲ್ಲಸು, ನಿನ್ನ ಕೈ.”
ನಾ ಸುಮ್ಮನ ಬ್ರಶ್ ತೊಳಕೋತ ಕುಂತೆ.
ತೊಳದ ಬ್ರಶ್ಶನ್ನೇ ಮತ್ತ ತೊಳದೆ.

ರಾತ್ರಿ ಹತ್ತಕ್ಕ ಖಟಾ ನಿಂತಿತು.
ಆಕಿನೇ ಬಂದು ನೆಲಕ್ಕ ನೀರು ಚಿಮುಕಿಸಿದಳು,
ಕಿಡಕಿಗೆ ಹಸೀ ಪಂಚೆ ಇಳಿಬಿಟ್ಟಳು, ಫ್ಯಾನ್ ಆರಿಸಿದಳು.
ಆ ಮನಿಯಾಗ ಅಷ್ಟು ನಿಶ್ಶಬ್ದ ನಾ ಕೇಳಿದ್ದಿಲ್ಲ.
ಬ್ರಶ್ಶಿನ ತುದಿ ಮೂರನೇ ಒಂದು ಪಾಲು ಅದ್ದಿ,
ಮ್ಯಾಲಿಂದ ಕೆಳಗ, ಕಟ್ಟಿಗಿಯ ಎಳಿ ಹೋದತ್ತ ಹೋದೆ.
ಆಕಿ ಹೊಚ್ಚಲದ ಆಚಿಗೆ ಕುಂತಿದ್ಲು.
ಒರಗಲಿಕ್ಕೆ ಜಾಗ ಇಲ್ಲದ ಬೆನ್ನು ನೆಟ್ಟಗಿತ್ತು.

ಕಡೀಗೆ ಸ್ಟೂಲ್ ಹತ್ತಿ ಬಾಗಿಲದ ನೆತ್ತಿಗೂ ಹಚ್ಚಿದೆ.
“ಅಲ್ಯಾರ ನೋಡತಾರ?”
“ಥಂಡಿ ನೋಡತೈತಿ. ಅಲ್ಲಿಂದನ ಇಳೀತೈತಿ.”
ಆ ನೆತ್ತಿ ಮ್ಯಾಲೆ ಬೆರಳಿಗೆ ಏನೂ ಹಳೇ ಬಣ್ಣ ಸಿಗಲಿಲ್ಲ.
ಐದು ಮಂದಿ ಬಂದು ಹೋಗಿದ್ರು. ಬರೀ ಧೂಳು.

ಮುಂಜಾನೆ ಐದಕ್ಕ ನಾ, ಸಾಕು, ಮಗ್ಗ ಹಾಕ್ರಿ ಅಂದೆ.
ಆಕಿ ತೋರಬೆರಳಿನ ಬೆನ್ನು ಅಂಚಿಗೆ ಮುಟ್ಟಿಸಿದಳು,
ಎಳಿ ಹರೀದಂಗ ಮುಟ್ಟೂ ಬೆರಳು.
“ಇನ್ನಾ ಹಸಿ ಐತಿ,” ಅಂದಳು.
ಮಧ್ಯಾಹ್ನದ ತನಕ ಮಗ್ಗ ಹಾಕಲಿಲ್ಲ.

ಬಿಲ್ಲಿನಾಗ ಆಕಿಯ ಅರ್ಧ ದಿನದ ಕೂಲಿ ಕಡದು ಬರದೆ.
ಲೆಕ್ಕ ತಪ್ಪೈತಿ ಅಂತ ತಿದ್ದಿ ಕೊಟ್ಟಳು.
ನಾನೂ ಮತ್ತ ತಿದ್ದಿದೆ.
ಆ ಚೀಟಿ ಇನ್ನಾ ನನ್ನ ಕಿಸೆದಾಗ ಐತಿ,
ಎರಡು ಕೈಬರಹ, ಒಂದು ಬಣ್ಣದ ಹೆಬ್ಬೆಟ್ಟು.