ಬಸವನಹುಳು

ಕಾಫಿಯ ಹೆಸರಿಟ್ಟಿದ್ದಾರೆ ಈ ಕಾರಿಗೆ,
ಇರುವುದೂ ಒಂದು ಗುಟುಕಿನಷ್ಟೇ.
ಇಬ್ಬರು ಕೂತ ಮೇಲೆ ಒಂದು ಮೂಲಂಗಿಗೂ ಜಾಗವಿಲ್ಲ:
ಮೂರು ಹೋಳಾಗಿ ಬಿಚ್ಚಿದ ಚಾವಣಿ
ಡಿಕ್ಕಿಯ ತುಂಬ ಮಲಗಿರುತ್ತದೆ.
ಹಳದಿ ನಂಬರ್ ಪ್ಲೇಟು. ಅರವತ್ತನಾಲ್ಕು ಕುದುರೆ,
ವಿದ್ಯೆಗಳೆಷ್ಟೋ ಅಷ್ಟೇ.
"ಅರವತ್ತೈದನೆಯದು ಬೇಕು" ಎಂದು
ಉವಾಜಿಮಾದ ದೋಣಿಕಟ್ಟೆ ಹಿಂದಿನ ನನ್ನ ಶೆಡ್ಡಿಗೆ
ಫೆಬ್ರವರಿಯಲ್ಲಿ ಬಂದ ಇವಾಕಿ,
ಮುಂಗಡಕ್ಕೆ ಒಂದು ಪೆಟ್ಟಿಗೆ ಕಿತ್ತಳೆ ಹೊತ್ತು.

ಮೂವತ್ತೊಂದು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ,
ನೀರಿನ ಗೆರೆಗಿಂತ ಕೆಳಗೆ, ಕಿಟಕಿಯಿಲ್ಲದೆ ದುಡಿದು
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದ ಮನುಷ್ಯ.
"ಚಾವಣಿ ಇಲ್ಲದ್ದು ಬೇಕಿತ್ತು" ಅಂದ.
ಬೇರೆ ಕಾರಣ ಹೇಳಲಿಲ್ಲ.

ಬಾನೆಟ್ಟು ಎತ್ತಿದೆ. ಅಂಗೈಯಗಲದ ಟರ್ಬೊ,
ಕಬ್ಬಿಣದ ಬಸವನಹುಳು.
ಎಂಜಿನ್ನು ಉಗುಳಿದ ಹೊಗೆಯ ಎಂಜಲುಂಡು
ನಿಮಿಷಕ್ಕೆ ಲಕ್ಷ ಸುತ್ತು ಸುತ್ತಿ
ಅದೇ ಎಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದೆ.
ಉಂಡ ಮನೆಗೆ ಎರಡು ಬಗೆಯದ ಹುಳು.
ಬೆರಳಿಟ್ಟು ಅಲುಗಿಸಿದೆ: ಅಚ್ಚು ಕೂದಲೆಳೆಯಷ್ಟು ಸಡಿಲ.
ಅಷ್ಟು ಇರಬೇಕು.

ದೊಡ್ಡ ಇಂಟರ್‌ಕೂಲರು ಕೂರಿಸಿದೆ, ಮೂಗಿಗಿಂತ ಮೂಗುತಿ ಭಾರ.
ಇಂಜೆಕ್ಟರು ಬದಲಿಸಿದೆ.
ತಾಮ್ರದ ಕೊಳವೆಯ ಒಂದು ತುದಿ ಎಂಜಿನ್ನಿಗೆ ಬಿಗಿದು
ಇನ್ನೊಂದನ್ನು ನನ್ನ ಕಿವಿಗೆ ತಂದೆ.
ಪೆಟ್ರೋಲು ಬೆದರಿ ಹೊತ್ತಿಗೆ ಮೊದಲೇ ಹೊತ್ತಿದರೆ
ಬಾಣಲೆಯಲ್ಲಿ ಎಳ್ಳು ಸಿಡಿದ ಸದ್ದು.
ನಾಲ್ಕು ಕಾಳಾದರೆ ಎಚ್ಚರ,
ಹಿಡಿಯಷ್ಟಾದರೆ ಪಿಸ್ಟನ್ನಿಗೆ ಎಳ್ಳುನೀರು.
ಹೋದ ವರ್ಷ ಮೀನಂಗಡಿಯ ರ್‍ಯೋಹೇ ಹಟ ಹಿಡಿದು
ಒತ್ತಡ ಒಂದೂವರೆಗೆ ಏರಿಸಿಕೊಂಡಿದ್ದ.
ಅವನ ಪಿಸ್ಟನ್ ಈಗ ನನ್ನ ಬೂದಿಬಟ್ಟಲು.

ಮೇ ತಿಂಗಳು, ರಾತ್ರಿ ಹನ್ನೊಂದು, ಹೊಕೆತ್ಸು ಘಾಟಿ.
ಸ್ಟೀರಿಂಗು ಅವನ ಕೈಯಲ್ಲಿ, ಲ್ಯಾಪ್‌ಟಾಪು ನನ್ನ ತೊಡೆಯ ಮೇಲೆ.
ಮೂರನೇ ಗೇರು. ಕಾಲು ನೆಲಕ್ಕೆ.
ಏನೂ ಆಗುವುದಿಲ್ಲ.

ಆಮೇಲೆ ಬೆನ್ನಿಗೊಂದು ಅಂಗೈ.
"ಹನ್ನೊಂದೂವರೆ" ಎಂದು ಗಾಳಿ-ಪೆಟ್ರೋಲಿನ ಲೆಕ್ಕ ಕೂಗುತ್ತೇನೆ
ಅವನ ಸರಿಯಿರುವ ಕಿವಿ ಆಚೆಗಿದೆಯೆಂಬುದನ್ನು ಮರೆತು,
"ಹನ್ನೊಂದೂ ಮುಕ್ಕಾಲು, ಹನ್ನೆರಡು..."
ತಟ್ಟನೆ ಕಾಲೆತ್ತಿದ.
"ಯಾಕೆ?"
"ದವಡೆಗೆ ತಾಗಿತು."

ನನ್ನ ತಾಮ್ರಕ್ಕೆ ಏನೂ ಕೇಳಿಸಿರಲಿಲ್ಲ.
ಪಕ್ಕಕ್ಕೆ ನಿಲ್ಲಿಸಿ ಅಂಕಿಗಳನ್ನು ಹಿಂದಕ್ಕೆ ಎಳೆದೆ:
ನಾಲ್ಕು ಸಾವಿರದ ಇನ್ನೂರು ಸುತ್ತಿನಲ್ಲಿ
ಎಳ್ಳು. ಒಂದೇ ಕಾಳು.
"ಕೆಳಗೆ ಸ್ಕ್ರೂಡ್ರೈವರು ಹಲ್ಲಲ್ಲಿ ಕಚ್ಚಿ
ಬೇರಿಂಗು ಕೇಳುತ್ತಿದ್ದೆವು" ಅಂದ, ತಪ್ಪೊಪ್ಪಿಕೊಳ್ಳುವವನ ಹಾಗೆ.

ಕಿಡಿಯನ್ನು ಎರಡು ಡಿಗ್ರಿ ಹಿಂದಕ್ಕೆ ಸರಿಸಿದೆ.
ವ್ಯಾಪಾರದ ಮಾತೂ ಆಡಿದೆ: ಹೊಸ ನಮೂನೆಯ ಟರ್ಬೊ ಬಂದಿದೆ,
ಕಾಲಿಟ್ಟ ಕೂಡಲೇ ಎಳೆಯುತ್ತದೆ, ಈ ತಡ ಇರುವುದಿಲ್ಲ.
"ತಡ ಇರಲಿ, ಚಿಗುಸಾ" ಅಂದ.
"ಮೇಲಿನಿಂದ ಗಂಟೆ ಬಾರಿಸುತ್ತಿದ್ದರು.
ಗಂಟೆಗೂ ಹಡಗು ಅಲುಗುವುದಕ್ಕೂ ನಡುವೆ ಒಂದಿಷ್ಟು ಹೊತ್ತು.
ಕ್ಯಾಪ್ಟನ್ನನದೂ ಅಲ್ಲ, ಸಮುದ್ರದ್ದೂ ಅಲ್ಲ.
ನಾನು ಇದ್ದದ್ದು ಅಲ್ಲಿ."

ಮತ್ತೆ ಓಡಿಸಿದ. ಎಳ್ಳು ಸಿಡಿಯಲಿಲ್ಲ.

ಘಾಟಿಯ ನೆತ್ತಿಯಲ್ಲಿ ನಿಂತೆವು. ಇಬ್ಬರೂ ಕೀಲಿ ಮುಟ್ಟಲಿಲ್ಲ:
ಕೆಂಪಗೆ ಕಾದ ಹುಳುವಿನೊಳಗೆ ಒಂದು ನಿಮಿಷ ಎಣ್ಣೆ ಹರಿಯಬೇಕು,
ಥಟ್ಟನೆ ಆರಿಸಿದರೆ ಒಳಗೇ ಸೀದುಹೋಗುತ್ತದೆ.
ಕಿತ್ತಳೆ ಹೂವಿನ ವಾಸನೆ, ಜೊತೆಗೆ ಕ್ಲಚ್ಚಿನದು.
ಕೆಳಗೆ ಕೊಲ್ಲಿಯಲ್ಲಿ ಮುತ್ತು ಬೆಳೆಯುವ ತೆಪ್ಪಗಳು,
ಅವುಗಳಾಚೆ ಕೊನೆಯ ಹಡಗಿನ ದೀಪ.
ಅವನು ಅತ್ತ ನೋಡಲಿಲ್ಲ.
ತಲೆ ಹಿಂದಕ್ಕೆ ಚೆಲ್ಲಿ
ಚಾವಣಿ ಇರಬೇಕಾದ ಜಾಗವನ್ನು ನೋಡುತ್ತಿದ್ದ.

"ಅಕ್ಟೋಬರಿನ ತಪಾಸಣೆಗೆ ಇದನ್ನೆಲ್ಲ ಬಿಚ್ಚಿ
ಹಳೆಯದನ್ನೇ ಕೂರಿಸಬೇಕು" ಅಂದೆ.
"ಹೂಂ."
ನಾನು ಎಣಿಸುತ್ತಿದ್ದೆ.
ನಲವತ್ತೇಳು.
ನಲವತ್ತೆಂಟು.